ಹತ್ತು ವರ್ಷ ದಾಟಿದ ಕಾರು ಕೊಳ್ಳುವವರಿಗೆ: ಕಂಪನಿಯನ್ನು ಎಷ್ಟು ನಂಬಬೇಕು, ಕಾರನ್ನು ಹೇಗೆ ನೋಡಬೇಕು

"ಯಾವ ಕಂಪನಿಯ ಹಳೇ ಕಾರು ತಗೊಂಡರೆ ತಲೆನೋವಿಲ್ಲ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕಂಪನಿಯ ಹೆಸರೊಂದನ್ನೇ ಹಿಡಿದು ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಹೊಸ ಕಾರಿನಲ್ಲಿ ಕಂಪನಿಯ ಗುಣ ಕಾಣುತ್ತದೆ, ಹತ್ತು ವರ್ಷ ಕಳೆದ ಕಾರಿನಲ್ಲಿ ಹಿಂದಿನ ಮಾಲೀಕರ ಗುಣ ಕಾಣುತ್ತದೆ. ಒಳ್ಳೆಯ ಹೆಸರಿನ ಕಾರಿಗೆ ಮೂರು ವರ್ಷ ಆಯಿಲ್ ಬದಲಿಸದಿದ್ದರೆ ಅದು ಹಾಳಾಗಿಯೇ ಇರುತ್ತದೆ. ಜನ ಮೂಗು ಮುರಿಯುವ ಮಾಡೆಲ್ಲನ್ನೂ ಹೊತ್ತುಹೊತ್ತಿಗೆ ಸರ್ವಿಸ್ ಮಾಡಿಸಿದವರ ಕೈಯಿಂದ ಕೊಂಡರೆ ಇನ್ನೂ ಐದಾರು ವರ್ಷ ನೆಮ್ಮದಿಯಾಗಿ ಓಡಿಸಬಹುದು.

ಹಾಗೆಂದು ಕಂಪನಿ ಮುಖ್ಯವೇ ಅಲ್ಲ ಎಂದಲ್ಲ. ಅದರಿಂದ ನಿಮಗೆ ಬೇಕಾದ್ದು ಎರಡು: ಬಿಡಿಭಾಗ ಸಿಗಬೇಕು, ತಯಾರಿಕೆಯಲ್ಲಿ ದೋಷ ಕಂಡಾಗ ಕಾರನ್ನು ವಾಪಸ್ ಕರೆದು ಉಚಿತವಾಗಿ ಸರಿಮಾಡಿಕೊಡಬೇಕು. ಉಳಿದದ್ದನ್ನು ನೀವೇ ಕಣ್ಣಿಟ್ಟು ನೋಡಬೇಕು. ಹೇಗೆ ಎಂಬುದನ್ನು ಕೆಳಗೆ ಹಂತಹಂತವಾಗಿ ಬರೆದಿದೆ.

ಕಾರು ನೋಡಲು ಹೋಗುವಾಗ ಇಷ್ಟು ಜೊತೆಗಿರಲಿ: ಒಳ್ಳೆಯ ಟಾರ್ಚ್, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಸಾಧಾರಣ ಮಲ್ಟಿಮೀಟರ್, ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿಕೊಂಡ ದೋಷಗಳನ್ನು ಫೋನಿನಲ್ಲಿ ತೋರಿಸುವ ಪುಟ್ಟ ಸಾಧನ), ಬಿಳಿ ಬಟ್ಟೆಯ ತುಂಡು, ನೆಲಕ್ಕೆ ಹಾಸಲು ರಟ್ಟು. ಕಾರಿನ ಬೆಲೆಯ ಶೇ 15ರಿಂದ 20ರಷ್ಟು ಹಣವನ್ನು ಮೊದಲ ತಿಂಗಳ ರಿಪೇರಿಗೆಂದೇ ಬೇರೆ ತೆಗೆದಿಡಿ. ಆ ಹಣ ಇಲ್ಲದಿದ್ದರೆ ಇನ್ನೂ ಅಗ್ಗದ ಕಾರು ನೋಡುವುದು ಲೇಸು.

1. ಮಾಡೆಲ್ಲಿಗಿಂತ ಮೊದಲು ಎಂಜಿನ್, ಗೇರ್‌ಬಾಕ್ಸ್ ಯಾವುದೆಂದು ತಿಳಿಯಿರಿ

ಒಂದೇ ಹೆಸರಿನ ಕಾರಿನಲ್ಲಿ ಎರಡು ಮೂರು ಬಗೆಯ ಎಂಜಿನ್ ಬಂದಿರುತ್ತವೆ, ಒಂದೊಂದರ ಹಣೆಬರಹ ಒಂದೊಂದು. ಒಂದೇ ಎಂಜಿನ್ ನಾಲ್ಕೈದು ಕಂಪನಿಗಳ ಕಾರುಗಳಲ್ಲಿ ಇರುವುದೂ ಉಂಟು. ಫಿಯಟ್ ರೂಪಿಸಿದ 1.3 ಲೀಟರ್ ಡೀಸೆಲ್ ಎಂಜಿನ್ನನ್ನೇ ನೋಡಿ. ಮಾರುತಿಯ ಸ್ವಿಫ್ಟ್, ಡಿಜೈರ್, ರಿಟ್ಜ್‌ಗಳಲ್ಲಿ, ಟಾಟಾದ ಇಂಡಿಕಾ ವಿಸ್ಟಾ, ಮಾಂಜಾಗಳಲ್ಲಿ, ಫಿಯಟ್‌ನ ಪುಂಟೊ, ಲಿನಿಯಾಗಳಲ್ಲಿ ಇದ್ದದ್ದು ಅದೇ. ಫಿಯಟ್ ಕಾರುಗಳ ಮಾರಾಟ ಇಲ್ಲಿ ನಿಂತು ವರ್ಷಗಳಾದರೂ ಆ ಎಂಜಿನ್ನಿನ ಭಾಗಗಳು ಊರೂರಲ್ಲಿ ಸಿಗಲು ಇದೇ ಕಾರಣ. ಆದರೆ ಪುಂಟೊದ ಬಾಗಿಲು, ಬಂಪರ್, ಹೆಡ್‌ಲೈಟ್ ಹುಡುಕುವುದು ಬೇರೆಯೇ ಕಥೆ.

ಎಂಜಿನ್ ತಿಳಿದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ: ಟೈಮಿಂಗ್ ಬೆಲ್ಟೋ, ಚೈನೋ? ಪಿಸ್ಟನ್ ಮೇಲೆ ಕೆಳಗೆ ಆಡುವುದಕ್ಕೂ ವಾಲ್ವ್‌ಗಳು ತೆರೆದು ಮುಚ್ಚುವುದಕ್ಕೂ ತಾಳ ಹೊಂದಿಸುವ ಭಾಗ ಇದು. ಬೆಲ್ಟ್ ರಬ್ಬರಿನದು, ಅದಕ್ಕೆ ಆಯುಸ್ಸು ಗೊತ್ತುಮಾಡಿರುತ್ತಾರೆ. ಓಡುವಾಗ ಅದು ಹರಿದರೆ ಹೆಚ್ಚಿನ ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ವಾಲ್ವ್ ಬಾಗುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಬೇಕಾಗುತ್ತದೆ. ಹ್ಯುಂಡೈ ಸ್ಯಾಂಟ್ರೊ ಮತ್ತು 1.1 ಲೀಟರ್ ಐ10ರಲ್ಲಿ ಬೆಲ್ಟ್ ಇದೆ, 1.2 ಕಪ್ಪಾ ಎಂಜಿನ್ನಿನ ಐ10ರಲ್ಲಿ ಚೈನ್. ಮಾರುತಿ ಆಲ್ಟೊ 800ರಲ್ಲಿ ಬೆಲ್ಟ್, ಆಲ್ಟೊ ಕೆ10ರಲ್ಲಿ ಚೈನ್. ರೆನೊ ಡಸ್ಟರ್, ನಿಸಾನ್ ಸನ್ನಿ, ಮಹೀಂದ್ರ ವೆರಿಟೊಗಳ 1.5 ಡೀಸೆಲ್‌ನಲ್ಲಿ ಬೆಲ್ಟ್. ಹಳೆಯ ಇನ್ನೋವಾದ 2.5 ಡೀಸೆಲ್‌ನಲ್ಲೂ ಬೆಲ್ಟೇ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದು ಆಯಾ ಕಾರಿನ ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ. ಕಿಲೋಮೀಟರ್ ಆಗಿರದಿದ್ದರೂ ವರ್ಷ ಕಳೆದಂತೆ ರಬ್ಬರ್ ಬಿರಿಯುತ್ತದೆ ಎಂಬುದನ್ನು ಮರೆಯಬೇಡಿ. "ಬೆಲ್ಟ್ ಹಾಕಿಸಿದ್ದೀನಿ ಸಾರ್" ಎನ್ನುವ ಮಾತಿಗೆ ಬೆಲೆಯಿಲ್ಲ, ಬಿಲ್ ಇರಬೇಕು. ಬಿಲ್ ಇಲ್ಲವೆಂದರೆ ಬೆಲ್ಟ್ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಚೈನ್ ಇದ್ದರೆ ಚಿಂತೆಯೇ ಇಲ್ಲ ಎಂದುಕೊಳ್ಳುವವರು ಬಹಳ. ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಎಂಜಿನ್ ಆಯಿಲ್ಲಿನ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಆಯಿಲ್ ಬದಲಿಸದೆ ಓಡಿಸಿದರೆ ಚೈನ್ ಸವೆದು ಸಡಿಲಾಗುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಮುಂದಿನ ಬದಿಯಿಂದ ಬರುವ ಗಲಗಲ ಸದ್ದು ಒಂದೆರಡು ಸೆಕೆಂಡಿನಲ್ಲಿ ನಿಲ್ಲದಿದ್ದರೆ ಅದು ಚೈನಿನ ಸದ್ದು ಎಂದು ಅನುಮಾನಿಸಿ. ಫೋರ್ಡ್ ಇಕೋಸ್ಪೋರ್ಟ್‌ನ 1.0 ಲೀಟರ್ ಟರ್ಬೊ ಪೆಟ್ರೋಲ್‌ನಲ್ಲಿ ಇನ್ನೊಂದು ಬಗೆ ಇದೆ: ಬೆಲ್ಟ್ ಆಯಿಲ್ಲಿನೊಳಗೇ ತಿರುಗುತ್ತದೆ. ಕಂಪನಿ ಹೇಳಿದ ದರ್ಜೆಯ ಆಯಿಲ್ ಬಿಟ್ಟು ಬೇರೆ ಹಾಕಿದ್ದರೆ ಬೆಲ್ಟಿನ ಪುಡಿ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ, ಆಯಿಲ್ ಒತ್ತಡ ಬಿದ್ದು ಎಂಜಿನ್ ಹೋಗುತ್ತದೆ. ಸರ್ವಿಸ್ ದಾಖಲೆ ಇಲ್ಲದ ಆ ಎಂಜಿನ್ನನ್ನು ಮುಟ್ಟದಿರುವುದು ಒಳ್ಳೆಯದು.

ಗೇರ್‌ಬಾಕ್ಸ್: ಹಳೇ ಕಾರಿಗೆ ಮ್ಯಾನ್ಯುಯಲ್‌ನಷ್ಟು ಕ್ಷೇಮ ಬೇರೆ ಇಲ್ಲ. ಆಟೊಮ್ಯಾಟಿಕ್ ಬೇಕೇ ಬೇಕೆಂದರೆ ಅದು ಯಾವ ಬಗೆ ಎಂದು ಕೇಳಿ. ಎಎಂಟಿ ಎಂದರೆ ಸಾಮಾನ್ಯ ಗೇರ್‌ಬಾಕ್ಸನ್ನೇ ಯಂತ್ರ ಹಾಕಿಕೊಡುವುದು, ಅದರಲ್ಲಿ ಕ್ಲಚ್ ಮತ್ತು ಆಕ್ಚುಯೇಟರ್ (ಗೇರ್ ಹಾಕುವ ಆ ಯಂತ್ರ) ಸವೆಯುತ್ತವೆ. ಹಲ್ಲಿನ ಗೇರ್ ಬದಲು ಬೆಲ್ಟ್ ಮತ್ತು ರಾಟೆಯಿಂದ ಕೆಲಸ ಮಾಡುವ ಸಿವಿಟಿಯಲ್ಲಿ ಆಯಿಲ್ ಬದಲಿಸಿದ ದಾಖಲೆ ನೋಡಬೇಕು. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ವೆಂಟೊದಂಥ ಕಾರುಗಳ ಏಳು ಗೇರಿನ ಡಿಎಸ್‌ಜಿಯಲ್ಲಿ ಎರಡು ಒಣ ಕ್ಲಚ್ ಇರುತ್ತವೆ. ಬೆಂಗಳೂರಿನಂಥ ಟ್ರಾಫಿಕ್ಕಿನಲ್ಲಿ ತೆವಳಿ ತೆವಳಿ ಅವು ಬಿಸಿಯಾಗುತ್ತವೆ. ಗೇರ್ ಬದಲಾವಣೆ ನಿಯಂತ್ರಿಸುವ ಮೆಕಟ್ರಾನಿಕ್ ಘಟಕ ಕೈಕೊಟ್ಟರೆ ಬಿಲ್ ಲಕ್ಷದ ಮಾತಾಗಬಹುದು. ವಾರಂಟಿ ಮುಗಿದ ಅಂಥ ಕಾರನ್ನು ಬೆಲೆ ಇಳಿದಿದೆ ಎಂಬ ಒಂದೇ ಕಾರಣಕ್ಕೆ ಕೊಳ್ಳಬೇಡಿ. ಬೆಲೆ ಇಳಿದದ್ದು ಅದೇ ಕಾರಣಕ್ಕೆ.

2. ಕಂಪನಿಯ ಬಗ್ಗೆ ಎರಡು ವಿಷಯ ಖಚಿತಪಡಿಸಿಕೊಳ್ಳಿ

ಮೊದಲನೆಯದು ರೀಕಾಲ್, ಅಂದರೆ ತಯಾರಿಕೆಯ ದೋಷ ಕಂಡಾಗ ಕಂಪನಿ ಕಾರುಗಳನ್ನು ವಾಪಸ್ ಕರೆದು ಉಚಿತವಾಗಿ ಸರಿಪಡಿಸುವುದು. ನಮ್ಮ ದೇಶದಲ್ಲಿ 2012ರಿಂದ ವಾಹನ ತಯಾರಕರ ಸಂಘ ಸಿಯಾಮ್‌ನ ಸ್ವಯಂಪ್ರೇರಿತ ರೀಕಾಲ್ ಸಂಹಿತೆ ಇತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿ, ರೀಕಾಲ್‌ಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ಅವು 7 ವರ್ಷದೊಳಗಿನ ವಾಹನಗಳಿಗೆ ಮಾತ್ರ. ಅದಕ್ಕಿಂತ ಹಳೆಯ ಕಾರಿಗೆ ಕಂಪನಿ ಹಿಂದೆ ತಾನಾಗಿ ಘೋಷಿಸಿದ ರೀಕಾಲ್‌ಗಳೇ ಆಸರೆ.

ಹಳೇ ಕಾರಿನಲ್ಲಿ ರೀಕಾಲ್ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಟಕಾಟ ಏರ್‌ಬ್ಯಾಗ್ ಪ್ರಕರಣ ನೋಡಿ. ಜಪಾನಿನ ಆ ಕಂಪನಿ ಏರ್‌ಬ್ಯಾಗ್ ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸುತ್ತಿತ್ತು. ಶಾಖ ಮತ್ತು ತೇವಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡರೆ ಅದರ ಗುಣ ಕೆಡುತ್ತದೆ. ಆಮೇಲೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯುವಾಗ ಅದರ ಲೋಹದ ಕವಚವೇ ಸಿಡಿದು ಚೂರುಗಳು ಚಾಲಕರ ಮೈಗೆ ನುಗ್ಗುತ್ತವೆ. ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆಯಬೇಕಾಯಿತು, 2017ರಲ್ಲಿ ಟಕಾಟ ದಿವಾಳಿ ಅರ್ಜಿ ಹಾಕಿತು. ಭಾರತದಲ್ಲಿ ಹೋಂಡಾ ಸಿಟಿ, ಜಾಝ್, ಸಿವಿಕ್, ಅಕಾರ್ಡ್, ಟೊಯೊಟಾ ಕೊರೊಲಾ ಆಲ್ಟಿಸ್ ಇದರಲ್ಲಿ ಸೇರಿದ್ದವು. ಕಾರು ವಯಸ್ಸಾದಷ್ಟೂ ಅಪಾಯ ಹೆಚ್ಚುವ ದೋಷ ಇದು. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಓಡಾಡಿದ ಆ ಕಾಲದ ಕಾರು ಕೊಳ್ಳುವವರು ಇದನ್ನು ನೋಡದೆ ಮುಂದೆ ಹೋಗಲೇಬಾರದು.

ನೋಡುವುದು ಸುಲಭ. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಷಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದ ರೀಕಾಲ್ ಪುಟದಲ್ಲಿ ಹಾಕಿ, ಇಲ್ಲವೇ ಅಧಿಕೃತ ಸರ್ವಿಸ್ ಸೆಂಟರಿಗೆ ಕೊಟ್ಟು "ಬಾಕಿ ಇರುವ ರೀಕಾಲ್ ಇದೆಯೇ, ಆದದ್ದು ಯಾವುದು" ಎಂದು ಕೇಳಿ. ನೀವು ಎರಡನೇ, ಮೂರನೇ ಮಾಲೀಕರಾದರೂ ಬಾಕಿ ರೀಕಾಲ್ ಉಚಿತವೇ. ಕಾಗದ ಹೋದದ್ದು ಹಳೇ ಮಾಲೀಕರ ವಿಳಾಸಕ್ಕೆ, ಹಾಗಾಗಿ ಕೈಬದಲಾದ ಕಾರುಗಳಲ್ಲೇ ಇದು ಹೆಚ್ಚಾಗಿ ಬಾಕಿ ಉಳಿದಿರುತ್ತದೆ.

ಎರಡನೆಯದು ಬಿಡಿಭಾಗ. ಷೆವ್ರೊಲೆ ಕಾರುಗಳನ್ನು ಮಾರುತ್ತಿದ್ದ ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಕಂಪನಿ ಹೊರಟುಹೋದ ಕಾರಿನಲ್ಲಿ ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್ ಸಿಗದೆ ಇರುವುದಿಲ್ಲ, ಅವನ್ನು ಮಾಡುವವರು ಬೇರೆಯೇ ಕಂಪನಿಗಳು. ಕಷ್ಟವಾಗುವುದು ಆ ಮಾಡೆಲ್ಲಿಗೆ ಮಾತ್ರ ಹೊಂದುವ ಭಾಗಗಳು: ವಿಂಡ್‌ಶೀಲ್ಡ್, ಬಾಗಿಲಿನ ರಬ್ಬರ್, ಲೈಟ್‌ಗಳು, ಇಸಿಯು ಎಂಬ ಎಂಜಿನ್ ಕಂಪ್ಯೂಟರ್, ವೈರಿಂಗ್. ಬೆಲೆ ಮಾತಾಡುವ ಮೊದಲೇ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೋ ನಿಮ್ಮೂರಿನ ಸ್ಪೇರ್ಸ್ ಅಂಗಡಿಗೋ ಹೋಗಿ ಈ ಐದರ ಬೆಲೆ ಕೇಳಿ: ಹೆಡ್‌ಲೈಟ್, ಲೋವರ್ ಆರ್ಮ್ (ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ತೋಳು), ಕ್ಲಚ್ ಸೆಟ್, ರೇಡಿಯೇಟರ್, ಎಸಿ ಕಂಪ್ರೆಸರ್. ಮೂರಕ್ಕಿಂತ ಹೆಚ್ಚು ಭಾಗಕ್ಕೆ "ಆರ್ಡರ್ ಹಾಕಬೇಕು" ಎಂದರೆ ಆ ಕಾರು ನಿಮ್ಮ ದಿನನಿತ್ಯದ ಏಕೈಕ ವಾಹನವಾಗುವುದು ಬೇಡ.

ಹೆಸರಾಂತ ಕಂಪನಿ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯೂ ಬೇಡ. 2015ರಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳು ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ತಗ್ಗಿಸುವ ತಂತ್ರಾಂಶ ಇಟ್ಟುಕೊಂಡದ್ದು ಬಯಲಾಯಿತು. ಭಾರತದಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆದರು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಆ ತಂತ್ರಾಂಶವಿದ್ದ ಇಎ189 ಸರಣಿಯ ಡೀಸೆಲ್ ಎಂಜಿನ್ನಿನ ಕಾರು ಕೊಳ್ಳುವವರು ಅದರ ಬದಲಾವಣೆ ಆಗಿದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಬೇಕು.

3. ಕಾರು ನೋಡುವ ಮೊದಲು ಕಾಗದ ನೋಡಿ

ನೋಂದಣಿ ಸಂಖ್ಯೆ ಕೇಳಿ ಪಡೆದು ಪರಿವಾಹನ್ ಜಾಲತಾಣದಲ್ಲಿ ಹಾಕಿ. ಎಷ್ಟನೇ ಮಾಲೀಕರು, ಎಚ್‌ಪಿ ಅಂದರೆ ಬ್ಯಾಂಕ್ ಸಾಲದ ನಮೂದು ಇದೆಯೇ, ನೋಂದಣಿ ಎಂದಿನವರೆಗೆ, ವಿಮೆ ಇದೆಯೇ ಎಂಬುದೆಲ್ಲ ಬರುತ್ತದೆ. ಸಂಚಾರ ದಂಡ ಬಾಕಿಯನ್ನೂ ನೋಡಿ. ಅನುಮಾನ ಬಂದರೆ ಆರ್‌ಟಿಒ ಕಚೇರಿಯಿಂದ ಬಿ-ಎಕ್ಸ್‌ಟ್ರಾಕ್ಟ್ ತೆಗೆಸಿ. ವಾಹನದ ಪೂರ್ತಿ ನೋಂದಣಿ ಚರಿತ್ರೆ ಅದರಲ್ಲಿರುತ್ತದೆ. 2019ರ ಏಪ್ರಿಲ್‌ಗಿಂತ ಹಿಂದಿನ ಕಾರಿಗೆ ಎಚ್‌ಎಸ್‌ಆರ್‌ಪಿ ಫಲಕ ಹಾಕಿಸಿರಬೇಕು.

ವಿಮೆ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಕೊಡುವ ರಿಯಾಯಿತಿ) ಎಷ್ಟಿದೆ ಎಂದು ನೋಡುವುದು ಬಹಳ ಉಪಯೋಗದ ಕೆಲಸ. ಶೇ 50 ಇದ್ದರೆ ಆ ಮಾಲೀಕರು ಐದು ವರ್ಷ ಸತತವಾಗಿ ಕ್ಲೇಮ್ ಮಾಡಿಲ್ಲ. ಸೊನ್ನೆಗೆ ಇಳಿದಿದ್ದರೆ ಕಳೆದ ವರ್ಷ ಕ್ಲೇಮ್ ಆಗಿದೆ, ಇಲ್ಲವೇ ವಿಮೆ ಕಟ್ಟದೆ ಬಿಟ್ಟಿದ್ದಾರೆ. "ಒಂದು ಗೀರೂ ಬಿದ್ದಿಲ್ಲ" ಎಂಬ ಮಾತಿನ ಪಕ್ಕ ಸೊನ್ನೆ ಬೋನಸ್ ಇದ್ದರೆ ಕಾರಣ ಕೇಳಿ.

ಹೊರರಾಜ್ಯದ ಕಾರಿನ ಬಗ್ಗೆ ಎಚ್ಚರ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ 2014-15ರಲ್ಲಿ ಹಸಿರು ನ್ಯಾಯಮಂಡಳಿ ಹಾಕಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂದಿನಿಂದ ಆ ಕಡೆಯ ದೊಡ್ಡ ಡೀಸೆಲ್ ಕಾರುಗಳು ಅಗ್ಗದ ಬೆಲೆಗೆ ನಮ್ಮಲ್ಲಿಗೆ ಬರುತ್ತಿವೆ. ಎನ್‌ಒಸಿ ತರಿಸಿ, ಇಲ್ಲಿ ಮರುನೋಂದಣಿ ಮಾಡಿಸಿ, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಿದ ಮೇಲೆ ಎಷ್ಟಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಹೊರರಾಜ್ಯದ ಫಲಕದಲ್ಲೇ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವಂತಿಲ್ಲ.

ಕಾರಿಗೆ 15 ವರ್ಷ ಹತ್ತಿರವಾಗಿದ್ದರೆ ನೋಂದಣಿ ನವೀಕರಣದ ಖರ್ಚೂ ನಿಮ್ಮದೇ: ಫಿಟ್‌ನೆಸ್ ಪರೀಕ್ಷೆ, ಹಸಿರು ತೆರಿಗೆ, 2022ರ ಏಪ್ರಿಲ್‌ನಿಂದ ಜಾರಿಯಾದ 5,000 ರೂಪಾಯಿ ನವೀಕರಣ ಶುಲ್ಕ. 20 ವರ್ಷ ದಾಟಿದ ಕಾರಿಗೆ ಈ ಶುಲ್ಕ 2025ರಲ್ಲಿ 10,000ಕ್ಕೆ ಏರಿದೆ. ನವೀಕರಣ ಸಿಗುವುದು ಒಮ್ಮೆಗೆ ಐದು ವರ್ಷಕ್ಕೆ.

4. ತಣ್ಣಗಿನ ಎಂಜಿನ್ ನೋಡಿ

ಬೆಳಿಗ್ಗೆಯೇ ಹೋಗಿ, "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿರಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಸ್ಟಾರ್ಟಿಂಗ್ ತೊಂದರೆಯನ್ನೋ ಹೊಗೆಯನ್ನೋ ಮುಚ್ಚಲು ಮೊದಲೇ ಓಡಿಸಿಟ್ಟಿರಬಹುದು. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ.

ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಬದಿ ನೋಡಿ. ಕಾಫಿಯ ಬಣ್ಣದ ಕೆನೆಯಂಥದ್ದು ದಪ್ಪಗೆ ಅಂಟಿದ್ದರೆ ಆಯಿಲ್ಲಿಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ (ಹೆಡ್‌ನ ಅಡಿಯ ಸೀಲ್) ಹೋಗಿರಬಹುದು. ಬರೀ ಹತ್ತಿರದ ಓಡಾಟ ಮಾಡಿದ ಕಾರಿನಲ್ಲಿ ಮಳೆಗಾಲದಲ್ಲಿ ಸ್ವಲ್ಪ ತೇವ ಕಾಣುವುದುಂಟು, ಹಾಗಾಗಿ ಎಂಜಿನ್ ತಣಿಸುವ ದ್ರವವಾದ ಕೂಲೆಂಟನ್ನೂ ನೋಡಿಯೇ ತೀರ್ಮಾನಿಸಿ. ಕೂಲೆಂಟ್ ಹಸಿರೋ ಕೆಂಪೋ ನೀಲಿಯೋ ಆಗಿ ತಿಳಿಯಾಗಿರಬೇಕು. ತುಕ್ಕಿನ ಬಣ್ಣ ಇದ್ದರೆ ಬರೀ ನಲ್ಲಿ ನೀರು ಹಾಕಿ ಓಡಿಸಿದ್ದಾರೆ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುತ್ತದೆ. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಆ ಕಾರು ಬಿಡಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಮಲ್ಟಿಮೀಟರ್ ಬ್ಯಾಟರಿಗೆ ಇಡಿ. ಎಂಜಿನ್ ನಿಂತಿರುವಾಗ 12.4ರಿಂದ 12.7 ವೋಲ್ಟ್, ಮುಂದೆ ಸ್ಟಾರ್ಟ್ ಮಾಡಿ ಓಡುವಾಗ 13.8ರಿಂದ 14.5 ಇರಬೇಕು. ಓಡುವಾಗಲೂ 13ರ ಆಸುಪಾಸೇ ಇದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸೋತಿದೆ.

ಈಗ ಕೀಯನ್ನು 'ಆನ್' ಗುರುತಿನವರೆಗೆ ತಿರುಗಿಸಿ, ಸ್ಟಾರ್ಟ್ ಮಾಡದೆ ಮೀಟರ್ ಫಲಕ ನೋಡಿ. ಚೆಕ್ ಎಂಜಿನ್, ಏರ್‌ಬ್ಯಾಗ್, ಎಬಿಎಸ್, ಆಯಿಲ್, ಬ್ಯಾಟರಿ ದೀಪಗಳು ಎಲ್ಲವೂ ಹತ್ತಬೇಕು. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ತಾನಾಗಿ ಆರಬೇಕು. ಹತ್ತದೇ ಇದ್ದರೆ ಅಥವಾ ಆಯಿಲ್ ದೀಪದ ಜೊತೆಜೊತೆಗೇ ಆರಿದರೆ ದೀಪವನ್ನು ಕಿತ್ತಿದ್ದಾರೆ, ಇಲ್ಲವೇ ಬೇರೆ ದೀಪದ ವೈರಿಗೆ ಸೇರಿಸಿದ್ದಾರೆ. ಅಪಘಾತದಲ್ಲಿ ತೆರೆದುಕೊಂಡ ಏರ್‌ಬ್ಯಾಗ್ ಹೊಸದು ಹಾಕಿಸದೆ, ಬರೀ ಮುಚ್ಚಳ ಅಂಟಿಸಿ ಮಾರುವವರ ಕೆಲಸ ಸಿಕ್ಕಿಬೀಳುವುದು ಇಲ್ಲೇ.

ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ಸೈಲೆನ್ಸರ್ ಬಳಿ ನಿಲ್ಲಿ. ಚಳಿಗೆ ಬಿಳಿ ಹಬೆ ಬಂದು ಮಾಯವಾದರೆ ಸರಿ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಿಡದೆ ಬಂದರೆ ಪೆಟ್ರೋಲ್ ಕಾರಿನಲ್ಲಿ ಕೂಲೆಂಟ್ ಉರಿಯುತ್ತಿದೆ, ಡೀಸೆಲ್‌ನಲ್ಲಿ ಇಂಜೆಕ್ಟರ್ ದೋಷವೂ ಇರಬಹುದು. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು: ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ವಾಲ್ವ್ ಸೀಲ್, ಆಕ್ಸಿಲರೇಟರ್ ಒತ್ತಿದಾಗೆಲ್ಲ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ. ಡೀಸೆಲ್ ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳವನ್ನು ಸಡಿಲಿಸಿ ಅಲ್ಲೇ ಇಡಿ. ಸ್ವಲ್ಪ ಅಲುಗಾಡಿದರೆ ತೊಂದರೆಯಿಲ್ಲ, ರೈಲಿನಂತೆ ಹೊಗೆಯುಗುಳಿ ಮುಚ್ಚಳವನ್ನೇ ತಳ್ಳಿದರೆ ರಿಂಗ್ ಸವೆದಿವೆ. ಹೊಗೆ ಮುಚ್ಚಲು ದಪ್ಪ ಆಯಿಲ್ ಸುರಿಯುವ ಅಭ್ಯಾಸ ಕೆಲವರಿಗಿದೆ, ಆದರೆ ಈ ಪರೀಕ್ಷೆಯಿಂದ ಅದು ತಪ್ಪಿಸಿಕೊಳ್ಳುವುದು ಕಷ್ಟ.

ಒಬಿಡಿ ಸ್ಕ್ಯಾನರನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಹಾಕಿ. 2013ರ ನಂತರದ ಕಾರುಗಳಲ್ಲಿ ಹೆಚ್ಚು ಮಾಹಿತಿ ಸಿಗುತ್ತದೆ. ದೋಷ ಸಂಕೇತ ಒಂದೂ ಇಲ್ಲವೆಂದು ಹಿಗ್ಗುವ ಮೊದಲು "ರೆಡಿನೆಸ್" ಪುಟ (ಕಾರಿನ ಕಂಪ್ಯೂಟರ್ ತಾನೇ ಮಾಡಿಕೊಂಡ ಪರೀಕ್ಷೆಗಳ ಪಟ್ಟಿ) ನೋಡಿ. ಅಲ್ಲಿ ಹಲವು ಪರೀಕ್ಷೆಗಳು "ಅಪೂರ್ಣ" ಎಂದಿದ್ದರೆ, ನೀವು ಬರುವ ಮುಂಚೆ ಯಾರೋ ಸಂಕೇತಗಳನ್ನು ಅಳಿಸಿರಬಹುದು ಅಥವಾ ಬ್ಯಾಟರಿ ಕಳಚಿರಬಹುದು.

5. ಬಾಡಿ: ಅಪಘಾತ, ಪ್ರವಾಹ, ತುಕ್ಕು

ಎಂಜಿನ್ ಹೋದರೆ ಸರಿಮಾಡಬಹುದು. ಚೌಕಟ್ಟೇ ಬಾಗಿದ ಕಾರನ್ನು, ನೀರಲ್ಲಿ ಮುಳುಗಿದ ಕಾರನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಅರ್ಧ ಗಂಟೆ ಹೆಚ್ಚೇ ಕಳೆಯಿರಿ.

ಮುಂದಿನ ಮಡ್ಗಾರ್ಡ್, ಬಾನೆಟ್, ಬಾಗಿಲಿನ ಕೀಲುಗಳ ಬೋಲ್ಟ್ ತಲೆ ನೋಡಿ. ಕಾರ್ಖಾನೆಯಲ್ಲಿ ಬಿಗಿದ ಬೋಲ್ಟ್ ಮೇಲೆ ಬಣ್ಣ ಒಡೆಯದೆ ಇರುತ್ತದೆ, ಸ್ಪ್ಯಾನರ್ ತಾಗಿದ್ದರೆ ಮೂಲೆಗಳಲ್ಲಿ ಬಣ್ಣ ಎದ್ದಿರುತ್ತದೆ. ಬಾನೆಟ್ ಎತ್ತಿ ಎರಡು ಬದಿಯ ಏಪ್ರನ್ (ಸಸ್ಪೆನ್ಷನ್ ಕೂರುವ ಒಳಗೋಡೆ) ಹೋಲಿಸಿ: ಕಾರ್ಖಾನೆಯ ವೆಲ್ಡಿಂಗ್ ಸಮ ಅಂತರದ ದುಂಡು ಚುಕ್ಕಿಗಳಾಗಿ ಕಾಣುತ್ತದೆ, ಗ್ಯಾರೇಜಿನದು ಎಳೆಎಳೆಯಾಗಿ. ಒಂದು ಬದಿಯಲ್ಲಿ ಚುಕ್ಕಿ, ಇನ್ನೊಂದರಲ್ಲಿ ಪುಟ್ಟಿ ಇದ್ದರೆ ಜೋರು ಪೆಟ್ಟು ಬಿದ್ದಿದೆ. ಅಯಸ್ಕಾಂತ ಎಲ್ಲೆಲ್ಲಿ ಹಿಡಿತ ಕಳೆದುಕೊಳ್ಳುತ್ತದೋ ಅಲ್ಲಿ ಬಣ್ಣದಡಿ ಪುಟ್ಟಿ ಇದೆ. ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್, 300 ದಾಟಿದರೆ ಪುಟ್ಟಿ. ಬಾಗಿಲಿಗೆ ಗೀರು ಬಿದ್ದು ಬಣ್ಣ ಹೊಡೆಸಿದ್ದು ದೊಡ್ಡ ವಿಷಯವಲ್ಲ. ಛಾವಣಿ ಹೊರುವ ಕಂಬ, ಏಪ್ರನ್, ಡಿಕ್ಕಿಯ ನೆಲ ಈ ಮೂರರಲ್ಲಿ ಕೆಲಸ ಕಂಡರೆ ಬೇಡ.

ಪ್ರವಾಹದ ಕಾರು ಗುರುತಿಸಲು ಸೀಟ್ ಬೆಲ್ಟ್ ಪೂರ್ತಿ ಕೊನೆವರೆಗೆ ಎಳೆದು ಬಿಳಿ ಬಟ್ಟೆಯಿಂದ ಒರೆಸಿ. ತೊಳೆಯುವವರು ಸೀಟು, ಕಾರ್ಪೆಟ್ ತೊಳೆಯುತ್ತಾರೆ, ಬೆಲ್ಟಿನ ಸುರುಳಿಯೊಳಗಿನ ಕೊನೆಯ ಎರಡು ಅಡಿಯನ್ನು ಮರೆಯುತ್ತಾರೆ. ಅಲ್ಲಿ ಕೆಸರಿನ ಗೆರೆ ನಿಂತಿರುತ್ತದೆ. ಸೀಟಿನ ಹಳಿಯ ಬೋಲ್ಟ್‌ಗಳಲ್ಲಿ ತುಕ್ಕು, ಸ್ಟೆಪ್ನಿ ಗುಂಡಿಯ ಮೂಲೆಯಲ್ಲಿ ನುಣ್ಣನೆ ಮಣ್ಣು, ಡ್ಯಾಶ್‌ಬೋರ್ಡ್ ಕೆಳಗಿನ ವೈರ್ ಕನೆಕ್ಟರುಗಳಲ್ಲಿ ಹಸಿರು ಕಿಲುಬು, ಜೋರು ಸುಗಂಧದಡಿ ಮುಗ್ಗುಲು ವಾಸನೆ ಇವೂ ಸಾಕ್ಷಿಗಳೇ. 2015ರ ಡಿಸೆಂಬರಿನ ಚೆನ್ನೈ ಪ್ರವಾಹ, 2018ರ ಆಗಸ್ಟಿನ ಕೇರಳ, ಕೊಡಗಿನ ಮಳೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ನಿಂತ ನೀರು, ಹೀಗೆ ಸಾವಿರಾರು ಕಾರು ಮುಳುಗಿವೆ. ಆ ದಿನಾಂಕಗಳ ಆಸುಪಾಸಿನಲ್ಲಿ ಆ ಊರಿನ ಕಾರು ಕೈಬದಲಾಗಿದ್ದರೆ ಎರಡು ಪಟ್ಟು ಎಚ್ಚರ ಇರಲಿ. ಮುಳುಗಿದ ಕಾರಿನ ತೊಂದರೆ ತಕ್ಷಣ ಕಾಣುವುದಿಲ್ಲ. ವೈರಿಂಗ್ ಒಳಗೆ ಕಿಲುಬು ಹಬ್ಬಿ ವರ್ಷದ ಮೇಲೆ ಒಂದೊಂದೇ ಕೈಕೊಡುತ್ತದೆ, ಯಾವ ಮೆಕ್ಯಾನಿಕ್ಕಿಗೂ ಮೂಲ ಸಿಗುವುದಿಲ್ಲ.

ಕೆಎ-19, ಕೆಎ-20, ಕೆಎ-30 ಫಲಕದ, ಅಂದರೆ ಮಂಗಳೂರು, ಉಡುಪಿ, ಕಾರವಾರದ ಕಾರಾದರೆ ಉಪ್ಪುಗಾಳಿಯ ತುಕ್ಕಿಗೆ ರಟ್ಟು ಹಾಸಿ ಮಲಗಿ ನೋಡಬೇಕು. ಬಾಗಿಲ ಕೆಳಗಿನ ಪಟ್ಟಿ, ಬಾಗಿಲ ಅಡಿಯ ಮಡಿಕೆ, ಹಿಂಚಕ್ರದ ಕಮಾನು, ಸಸ್ಪೆನ್ಷನ್ ಕೂರುವ ಜಾಗ, ಬ್ರೇಕ್ ಪೈಪ್ ನೋಡಿ. ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿದ್ದರೆ ಉಜ್ಜಿ ಬಳಿಯಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಪದರ ಉದುರಿದರೆ ಅಥವಾ ಮೆತ್ತಗಾದರೆ ಲೋಹ ತಿಂದುಹೋಗಿದೆ. ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಹೊಡೆದು ಮಿರಮಿರ ಮಾಡಿಟ್ಟಿದ್ದರೆ ಏಕೆ ಎಂದು ಕೇಳಿ.

ಕಿಲೋಮೀಟರ್ ತಿರುಗಿಸಿದ್ದನ್ನು ಹಿಡಿಯಲು ಟೈರಿನ ದಿನಾಂಕ ನೆರವಾಗುತ್ತದೆ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಎಂದರೆ 2019ರ 23ನೇ ವಾರ. ಮೀಟರ್ 38,000 ಕಿ.ಮೀ. ತೋರಿಸುತ್ತಿದ್ದು ಟೈರ್ ಸೆಟ್ ಎರಡು ಸಲ ಬದಲಾಗಿದ್ದರೆ ಲೆಕ್ಕ ಕೂಡುವುದಿಲ್ಲ. ಬ್ರೇಕ್ ಪೆಡಲ್ ರಬ್ಬರ್, ಗೇರ್ ಗುಬ್ಬಿ, ಚಾಲಕನ ಸೀಟಿನ ಬಲಬದಿ ಇವುಗಳ ಸವೆತವನ್ನೂ ನೋಡಿ. ಅಧಿಕೃತ ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಸಲದ ಕಿಲೋಮೀಟರ್ ನಮೂದಾಗಿರುತ್ತದೆ. ಮಾಲೀಕರನ್ನು ಜೊತೆಗೆ ಕರೆದೊಯ್ದು ಅದನ್ನು ತೆಗೆಸಿ.

6. ಓಡಿಸಿ ನೋಡುವುದು

ಕನಿಷ್ಠ 15 ಕಿಲೋಮೀಟರ್, ನೀವೇ ಓಡಿಸಿ. ರೇಡಿಯೊ ಆಫ್ ಮಾಡಿ. ಹಂಪ್ ಹತ್ತಿ ಇಳಿದಾಗ ಟಕ್ ಎಂದರೆ ಲಿಂಕ್ ರಾಡ್, ಲೋವರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್‌ಗಳಲ್ಲಿ ಯಾವುದೋ ಸವೆದಿದೆ, ಇವು ದೊಡ್ಡ ಖರ್ಚಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಹೋದಾಗ ಕಟಕಟ ಎಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಕೀಲು, ಅಂದರೆ ಸಿವಿ ಜಾಯಿಂಟ್ ಸವೆದಿದೆ. ವೇಗ ಏರಿದಂತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗಿನದು. ಏರುದಾರಿಯಲ್ಲಿ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಮರಳಿ ಬಂದ ಮೇಲೆ ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿಡಿ. ರೇಡಿಯೇಟರ್ ಫ್ಯಾನ್ ತಿರುಗಬೇಕು, ತಾಪಮಾನದ ಮುಳ್ಳು ನಡುವೆಯೇ ನಿಲ್ಲಬೇಕು. ಹೈವೇಯಲ್ಲಿ ಸರಿಯಾಗಿದ್ದು ನಿಂತಾಗ ಮುಳ್ಳು ಏರಿದರೆ ಫ್ಯಾನ್ ಅಥವಾ ರೇಡಿಯೇಟರ್ ದೋಷ.

7. ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ

ಮಾರುವವರಿಗೆ ಪರಿಚಯವಿಲ್ಲದ ಗ್ಯಾರೇಜಿಗೆ ಒಯ್ದು ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂಬುದರ ಅಳತೆ ಇದು. ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ, ಶೇ 10ರಿಂದ 15 ದಾಟಬಾರದು. ಪೆಟ್ರೋಲ್ ಎಂಜಿನ್ನಿನಲ್ಲಿ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದಾಗ ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಈ ಪರೀಕ್ಷೆಗೆ ಒಪ್ಪದ ಮಾರಾಟಗಾರರ ಬಳಿ ಹೆಚ್ಚು ಮಾತು ಬೇಡ.

8. ವರ್ಗಾವಣೆ

ಫಾರಂ 29 ಮತ್ತು 30 ಮಾಲೀಕತ್ವ ವರ್ಗಾವಣೆಗೆ, ಸಾಲ ತೀರಿದ್ದರೆ ಎಚ್‌ಪಿ ತೆಗೆಸಲು ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು "ಆಮೇಲೆ ಮಾಡಿಸಿಕೊಳ್ಳಿ" ಎನ್ನುವ ಓಪನ್ ಪೇಪರ್ ವ್ಯವಹಾರ ಬೇಡವೇ ಬೇಡ. ಅಪಘಾತವಾದರೆ ಇಬ್ಬರೂ ಕೋರ್ಟಿಗೆ ಅಲೆಯಬೇಕಾಗುತ್ತದೆ. ಬ್ರೋಕರ್ ಮೂಲಕ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಹಳೇ ಕಾರು ಮಾರುವ ಡೀಲರುಗಳಿಗೆ ಆರ್‌ಟಿಒ ಅಧಿಕಾರಪತ್ರದ ವ್ಯವಸ್ಥೆ ಬಂದಿದೆ. ಅದನ್ನು ತೋರಿಸಲು ಹೇಳಿ.

ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಅಷ್ಟರಲ್ಲಿ ಮಾಡಿಸದಿದ್ದರೆ ನಿಮ್ಮ ಕಾರಿನ ಹಾನಿಗೆ ಪರಿಹಾರ ಸಿಗದೆ ಹೋಗಬಹುದು. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರದೇ.

9. ಮೊದಲ ತಿಂಗಳು

ಹಿಂದಿನವರು ಏನು ಮಾಡಿಸಿದ್ದರೂ ಸರಿ, ಎಲ್ಲ ದ್ರವಗಳನ್ನೂ ಒಮ್ಮೆ ಬದಲಿಸಿ ಮೀಟರ್ ಓದು ಬರೆದಿಡಿ. ಸಣ್ಣ ಪೆಟ್ರೋಲ್ ಕಾರಿಗೆ ಎಂಜಿನ್ ಆಯಿಲ್ ಮೂರರಿಂದ ನಾಲ್ಕು ಲೀಟರ್ ಬೇಕು, ದರ್ಜೆ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ. ಗೇರ್ ಆಯಿಲ್ ಸುಮಾರು ಎರಡು ಲೀಟರ್, ಬ್ರೇಕ್ ಆಯಿಲ್ ಪೂರ್ತಿ ಹೊರತೆಗೆದು ತುಂಬಲು ಒಂದು ಲೀಟರ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಕುದಿಯುವ ಬಿಂದು ಇಳಿಸಿಕೊಳ್ಳುತ್ತದೆ, ಚಾರ್ಮಾಡಿಯೋ ಆಗುಂಬೆಯೋ ಇಳಿಯುವಾಗ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯದೇ ಇರುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ. ಟೈಮಿಂಗ್ ಬೆಲ್ಟ್ ಬದಲಿಸುವಾಗ ಟೆನ್ಷನರ್ ಸೇರಿದ ಪೂರ್ತಿ ಕಿಟ್ ಹಾಕಿಸಿ. ವಾಟರ್ ಪಂಪ್ ಆ ಬೆಲ್ಟಿನಿಂದಲೇ ತಿರುಗುವುದಾದರೆ ಅದನ್ನೂ ಆಗಲೇ ಹಾಕಿಸಿ, ಇಲ್ಲದಿದ್ದರೆ ಅದೇ ಮಜೂರಿ ಮತ್ತೆ ಕೊಡಬೇಕು.

ಪೆಟ್ರೋಲ್ ಕಾರಿನವರು ಇಂಧನದ ಪೈಪುಗಳನ್ನೂ ನೋಡಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. 2023ಕ್ಕಿಂತ ಹಿಂದಿನ ಬಹುಪಾಲು ಕಾರುಗಳ ರಬ್ಬರ್ ಭಾಗಗಳನ್ನು ಇಷ್ಟು ಎಥನಾಲ್‌ಗೆಂದು ರೂಪಿಸಿಲ್ಲ. ಪೈಪ್ ಉಬ್ಬಿದೆಯೇ, ಬಿರಿದಿದೆಯೇ, ಪೆಟ್ರೋಲ್ ವಾಸನೆ ಬರುತ್ತಿದೆಯೇ ಎಂದು ಪ್ರತಿ ಸರ್ವಿಸ್‌ನಲ್ಲೂ ಪರೀಕ್ಷಿಸಿ. ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಎಥನಾಲ್ ನೀರನ್ನು ಹೀರುವುದರಿಂದ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಡಬೇಡಿ.

10. ತೊಂದರೆ ಬಂದಾಗ ಯಾರನ್ನು ಕೇಳಬೇಕು

ಗ್ಯಾರೇಜಾಗಲಿ ಅಧಿಕೃತ ಸರ್ವಿಸ್ ಸೆಂಟರಾಗಲಿ, ಕೆಲಸಕ್ಕೆ ಮುಂಚೆ ಬರಹದಲ್ಲಿ ಅಂದಾಜು ಪಡೆಯಿರಿ, ಬದಲಿಸಿದ ಹಳೇ ಭಾಗವನ್ನು ವಾಪಸ್ ಕೇಳಿ, ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿ. ನಕಲಿ ಭಾಗ ಹಾಕಿದ್ದರೆ ಅದೊಂದೇ ನಿಮ್ಮ ಕೈಯಲ್ಲಿರುವ ಪುರಾವೆ.

ಡೀಲರ್ ಅಥವಾ ಸರ್ವಿಸ್ ಸೆಂಟರ್ ಮೋಸ ಮಾಡಿದರೆ ಮೊದಲು ಲಿಖಿತ ದೂರು, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಹಾಕಬಹುದು, ಆನ್‌ಲೈನ್‌ನಲ್ಲೂ ಆಗುತ್ತದೆ. ವ್ಯಾಪಾರಿಯಲ್ಲದ ಒಬ್ಬ ವ್ಯಕ್ತಿಯಿಂದ ನೇರವಾಗಿ ಕೊಂಡಿದ್ದರೆ ಈ ದಾರಿ ಇಲ್ಲ, ಸಿವಿಲ್ ಕೋರ್ಟೇ ಗತಿ. ಆದ್ದರಿಂದ ಅಂಥ ಖರೀದಿಯಲ್ಲಿ ಒಪ್ಪಂದದ ಕಾಗದದ ಮೇಲೆ ಮೀಟರ್ ಓದು, "ದೊಡ್ಡ ಅಪಘಾತವಾಗಿಲ್ಲ, ನೀರಲ್ಲಿ ಮುಳುಗಿಲ್ಲ, ಸಾಲ ಬಾಕಿಯಿಲ್ಲ" ಎಂಬ ಮೂರು ಮಾತು, ಕೈಬದಲಾದ ದಿನಾಂಕ ಮತ್ತು ಗಂಟೆ ಬರೆಸಿ ಇಬ್ಬರೂ ಸಹಿ ಹಾಕಿ. ಗಂಟೆ ಬರೆಸುವುದು ಏಕೆಂದರೆ, ಅದಕ್ಕಿಂತ ಮುಂಚಿನ ಸಂಚಾರ ದಂಡಗಳು ವಾರಗಳ ಮೇಲೆ ಬರುತ್ತವೆ, ಅವು ಮಾರಿದವರ ಪಾಲಿಗೆ ಸೇರಬೇಕು.